ಸಾಲಿನ ಕೊನೆಯ ಜಾಗ

ಯಶೋಧರಾ ಮಾತು ಶುರು ಮಾಡಿ ಇನ್ನೂ ಉಸಿರು ತೆಗೆದುಕೊಂಡಿರಲಿಲ್ಲ, ಅಷ್ಟರಲ್ಲೇ ನನಗೆ ಗೊತ್ತಾಗಿಹೋಯಿತು. ಇವಳು ನಮ್ಮ ಅಜ್ಜಿಯನ್ನು ನನ್ನ ಕಣ್ಣೆದುರಿಗೇ ಎತ್ತಿಕೊಂಡು ಹೋಗುತ್ತಿದ್ದಾಳೆ.

ಹೊಸಪೇಟೆಯಲ್ಲಿ ನಮ್ಮದೊಂದು ಕನ್ನಡಕದ ಅಂಗಡಿ ಇದೆ. ಅಂಗಡಿಯ ಮೇಲೊಂದು ಹಾಲ್ ಖಾಲಿ ಬಿದ್ದಿದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಜನ ಅಲ್ಲಿ ಸೇರುತ್ತೇವೆ. ಹೆದರಿಕೆಯ ಕತೆ, ಕಾದಂಬರಿ ಬಿಟ್ಟು ಬೇರೇನನ್ನೂ ಓದದ ಜನ. ನನ್ನ ಗಂಡ ಮಾರೇಶ್ ನಮಗೆ ಹೆದರುಪುಕ್ಕಲರ ಸಂಘ ಅಂತ ಹೆಸರಿಟ್ಟಿದ್ದಾನೆ. ಅನ್ನಲಿ ಬಿಡಿ. ಅವನು ಓದುವುದು ಮೊಬೈಲಿನ ಮೆಸೇಜು ಮಾತ್ರ.

ಆ ಭಾನುವಾರಕ್ಕೆ ಅಂತ ಹಿಂದಿನ ಸಲವೇ ಒಂದು ಮಾತು ಆಗಿತ್ತು. ಈ ಹೆದರಿಕೆಯ ಕತೆಗಳ ಮೇಲೆ ಮೊದಲ ಸಲ ಮನಸ್ಸಾದದ್ದು ಹೇಗೆ ಅಂತ ಒಬ್ಬೊಬ್ಬರೂ ಹೇಳಬೇಕು. ನಾನು ತಿಂಗಳಿಡೀ ಅದನ್ನೇ ಮನಸ್ಸಿನಲ್ಲಿ ಉರುಹಚ್ಚಿದ್ದೆ. ಕಣ್ಣು ತೋರಿಸಿಕೊಳ್ಳಲು ಬಂದ ಗಿರಾಕಿಗಳ ಮೇಲೆ ಒಂದೆರಡು ಸಲ ಪ್ರಯೋಗವನ್ನೂ ಮಾಡಿದ್ದೆ. ನನ್ನ ಸರದಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ, ಊಟದಲ್ಲಿ ಪಾಯಸ ಬಂದ ಹಾಗೆ ಬರಲಿ ಅಂತ.

ಮೊದಲು ಜಂಬುನಾಥಣ್ಣ ಹೇಳಿದ. ಹಂಪಿಯಲ್ಲಿ ಗೈಡ್ ಕೆಲಸ ಮಾಡುವವನು, ಈ ಬಳಗ ಕಟ್ಟಿದವನೂ ಅವನೇ. "ಹಂಪಿಗೆ ಬಂದೋರೆಲ್ಲ, ಇಲ್ಲಿ ದೆವ್ವ ಅದಾವೇನ್ರಿ ಅಂತ ಕೇಳೋರು. ಇಲ್ರಿ ಅಂದ್ರ ಅವರ ಮಕ ಬಾಡಿಬಿಡೋದು. ಪಾಪ ಅನಿಸ್ತು. ಅವರಿಗೆ ಹೇಳಾಕಂತ ಓದಾಕ ಹತ್ತಿದೆ. ಈಗ ಹೊತ್ತು ಮುಳುಗಿದ್ರ ನಾನs ಬಾಳಿತೋಟದ ದಾರಿ ಹಿಡಿಯಂಗಿಲ್ಲ, ಸುತ್ತು ಹಾಕ್ಕೊಂಡು ಮನಿಗೆ ಹೋಗ್ತೀನಿ" ಅಂದ. ಎಲ್ಲರೂ ನಕ್ಕರು.

ಆಮೇಲೆ ಅಂಜಿನಿ. ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುವ ಹುಡುಗ. "ನಮ್ಮ ಹಾಸ್ಟೆಲಿನಾಗ ಹುಡುಗ್ರು ಹೊರಗ ಓಡಿಹೋಗಬಾರ್ದಂತ ಅಡಿಗಿಯಾತ ದೆವ್ವದ ಕತಿ ಹೇಳೋನು. ಬೆಳಿಗ್ಗೆದ್ದು ಹಾಸಿಗಿ ಒಣಾಕೋದ ನಮ್ಮ ಕೆಲಸ. ಆದ್ರೂ ಸಂಜಿ ಆತಂದ್ರ ಅವನ ಹಿಂದ ಬೀಳ್ತಿದ್ವಿ, ಇವತ್ತೊಂದು ಹೇಳಣ್ಣ ಅಂತ." ಇದಕ್ಕೂ ನಕ್ಕರು. ನಾನೂ ನಕ್ಕೆ. ಇವೆಲ್ಲ ನನ್ನ ಕತೆಯ ಮುಂದೆ ಏನೂ ಅಲ್ಲ ಅಂತ ಗೊತ್ತಿದ್ದವರು ಎಷ್ಟು ಬೇಕಾದರೂ ನಗಬಹುದು.

ಅಷ್ಟರಲ್ಲಿ ಜಂಬುನಾಥಣ್ಣ, ಅಂದು ಹೊಸದಾಗಿ ಕರೆತಂದಿದ್ದ ಯಶೋಧರಾಳ ಕಡೆ ತಿರುಗಿ, "ನೀವೂ ಹೇಳ್ರಿ ಮೇಡಂ" ಅಂದ.

ಅವಳನ್ನು ನಾನು ಬಾಗಿಲಲ್ಲೇ ಗುರುತಿಸಿದ್ದೆ. ಎಮ್ಮಿಗನೂರಿನಲ್ಲಿ ನಮ್ಮ ಅಜ್ಜಿಯ ಮನೆಯ ಎದುರು ಮನೆಯವಳು. ನಾನು ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಹಾಗಾಗಿ ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಅವಳ ಅಪ್ಪ ಮಾರೆಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ದೇವರು, ದೆವ್ವ ಎರಡನ್ನೂ ಒಂದೇ ದಿನ ಮನೆಯಿಂದ ಹೊರಗೆ ಹಾಕಿದ ಮನುಷ್ಯ. ಆಮೇಲೆ ಹುಟ್ಟಿದ ಮಗಳಿಗೆ ಯಶೋಧರಾ ಅಂತ ಹೆಸರಿಟ್ಟ. ಓಣಿಯಲ್ಲಿ ಎಲ್ಲರೂ ಆ ಹೆಸರನ್ನು ಬಾಯಿತುಂಬ ಕರೆಯುತ್ತಿದ್ದರೆ ನನಗೆ ಆಗಲೇ ಹೊಟ್ಟೆಯುರಿ. ಈಗ ಅವಳು ಕುರೆಕುಪ್ಪದಲ್ಲಿದ್ದಾಳೆ, ಉಕ್ಕಿನ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರು. ಹೆಲ್ಮೆಟ್ ಹಾಕಿಕೊಂಡು ಅವಳು ನಿಂತರೆ ಗಂಡಸರು ಬೀಡಿ ಆರಿಸುತ್ತಾರಂತೆ. ನಾನು ಕನ್ನಡಕ ಒರೆಸುತ್ತೇನೆ.

"ನಾನು ಎಮ್ಮಿಗನೂರಿನಾಕಿ" ಅಂತ ಶುರುಮಾಡಿದಳು ಯಶೋಧರಾ. "ಕಾಲುವಿಗೆ ನೀರು ಬಿಟ್ಟ ಮ್ಯಾಲೆ, ಭಾನುವಾರ ಹುಡುಗೇರೆಲ್ಲ ದೊಡ್ಡೋರ ಜೋಡಿ ನಾಟಿ ಹಚ್ಚಾಕ ಹೋಗ್ತಿದ್ವಿ. ಸಾಲಿನ ನಟ್ಟನಡುವ ದುರ್ಗಕ್ಕ ಅಂತ ಒಬ್ಬಾಕಿ ನಿಂತು ಕತಿ ಹೇಳ್ತಿದ್ದಳು."

ದುರ್ಗಕ್ಕ ಅಂದರೆ ನನ್ನ ಅಜ್ಜಿ. ನನ್ನ ತಾಯಿಯನ್ನು ಹೆತ್ತವಳು. ನಾನು ಹೇಳಬೇಕೆಂದಿದ್ದ ಕತೆಯ ಮೊದಲ ವಾಕ್ಯವೂ ಹೆಚ್ಚುಕಡಿಮೆ ಇದೇ ಆಗಿತ್ತು.

ಭತ್ತದ ನಾಟಿ ನೋಡದವರಿಗೆ ಯಶೋಧರಾ ಕೈಯಾಡಿಸಿ ತೋರಿಸಿದಳು. ಬಗ್ಗಿ, ಸಸಿ ನೆಡುತ್ತಾ, ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಸರಿಯಬೇಕು. ನೆಟ್ಟದ್ದು ಕಣ್ಣಮುಂದೆ ಕಾಣುತ್ತದೆ. ಬೆನ್ನ ಹಿಂದೆ ಏನಿದೆ ಅಂತ ಕಾಣುವುದಿಲ್ಲ. ಅದಕ್ಕೆ ತಕ್ಕ ಕತೆಯೇ ಅದು. ಒಬ್ಬಳು ಹೆಂಗಸು ಹಟಕ್ಕೆ ಬಿದ್ದು, ಊಟಕ್ಕೂ ಏಳದೆ, ಮಟಮಟ ಮಧ್ಯಾಹ್ನ ಒಬ್ಬಳೇ ನಾಟಿ ಹಚ್ಚುತ್ತಿರುತ್ತಾಳೆ. ಬೆನ್ನ ಹಿಂದೆ ಕೆಸರಿನಲ್ಲಿ ಕಾಲು ಕಿತ್ತಿಟ್ಟ ಸದ್ದು. ಆಚೆ ಬದುವಿನಿಂದ ಯಾರೋ ಅವಳ ಹಾಗೇ ನಾಟಿ ಹಚ್ಚುತ್ತಾ ಹಿಂದೆ ಹಿಂದೆ ಬರುತ್ತಿದ್ದಾರೆ. ಇವಳು ನಿಂತರೆ ಆ ಸದ್ದೂ ನಿಲ್ಲುತ್ತದೆ. ಇವಳು ಹೆಜ್ಜೆ ಇಟ್ಟರೆ ಅದೂ ಇಡುತ್ತದೆ. ಕೊನೆಗೆ ಬೆನ್ನಿಗೆ ಬೆನ್ನು ತಾಗುತ್ತದೆ, ಆ ಬಿಸಿಲಲ್ಲೂ ತಣ್ಣಗೆ. ಆಗ ಅದು ಒಂದು ಮಾತು ಹೇಳುತ್ತದೆ.

"ಆ ಮಾತಿಗೆ ಬಂದಾಗ ದುರ್ಗಕ್ಕ ದನಿ ಇಳಿಸಿಬಿಡ್ತಿದ್ದಳು" ಅಂದಳು ಯಶೋಧರಾ. "ನಾನು ಸಾಲಿನ ಕೊನೀಗಿ ಇರ್ತಿದ್ದೆ. ಗಾಳಿಗೆ ಏನೂ ಕೇಳಿಸ್ತಿರಲಿಲ್ಲ. ನಡುವ ಇದ್ದ ಹೆಂಗಸ್ರು ಮಾತ್ರ ಯವ್ವಾ ಅಂತ ಉಸಿರು ಬಿಡ್ತಿದ್ರು. ಅದು ಏನಂತು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಇಷ್ಟು ಪುಸ್ತಕ ಓದಿದ್ದೆಲ್ಲ ಆ ಒಂದು ಮಾತು ಎಲ್ಲಾರ ಸಿಕ್ಕೀತೇನೋ ಅಂತ."

ಅಂಜಿನಿ ತನ್ನ ತೋಳು ಉಜ್ಜಿಕೊಂಡ. ಜಂಬುನಾಥಣ್ಣ ಮೆಲ್ಲಗೆ ಹಿಂದಕ್ಕೆ ತಿರುಗಿ ಗೋಡೆ ನೋಡಿದ. ಅಲ್ಲಿ ನಮ್ಮ ಅಂಗಡಿಯ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಾರೆಪ್ಪ ನಮ್ಮ ಅಜ್ಜಿಗೆ ಖಡಕ್ಕಾಗಿ ಹೇಳಿದ್ದ, ನನ್ನ ಮಗಳ ಕಿವಿಗೆ ದೆವ್ವದ ಮಾತು ಬೀಳಬಾರದು ಅಂತ. ಅದಕ್ಕೇ ಅಜ್ಜಿ ಇವಳನ್ನು ಸಾಲಿನ ಕಟ್ಟಕಡೆಗೆ, ಬದುವಿನ ಪಕ್ಕ ನಿಲ್ಲಿಸುತ್ತಿದ್ದಳು. ನಾನು ನಿಲ್ಲುತ್ತಿದ್ದದ್ದು ಅಜ್ಜಿಯ ಬಲಕ್ಕೆ, ಸೆರಗು ತಾಗುವಷ್ಟು ಹತ್ತಿರ. ಒಂದೊಂದು ಮಾತೂ ನನ್ನ ಕಿವಿಯಲ್ಲೇ ಹೇಳಿದ ಹಾಗೆ ಕೇಳಿದವಳು ನಾನು. ಪೂರ್ತಿ ಕೇಳಿದವಳು ಇಲ್ಲಿ ಸುಮ್ಮನೆ ಕೂತಿದ್ದೇನೆ, ಅರ್ಧ ಕೇಳಿದವಳು ಜನರನ್ನು ನಡುಗಿಸುತ್ತಿದ್ದಾಳೆ. ಇದು ಎಲ್ಲಿಯ ನ್ಯಾಯ?

"ನನಗ ಗೊತ್ತು" ಅಂದೆ. "ಆ ಮಾತು ನನಗ ಗೊತ್ತು."

ಯಶೋಧರಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಬ್ಯಾಡ ಸುಕನ್ಯಾ. ಹೇಳಬ್ಯಾಡ."

ನಾನು ಹೇಳಿದೆ. "'ನಿನ್ನ ಸಾಲು ಮುಗೀತು, ಇನ್ನ ನಂದು ಹಿಡಿ' ಅಂತೈತಿ."

ಇನ್ನೂ ಏನೋ ಇದೆ ಅಂತ ಎಲ್ಲರೂ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಂಜಿನಿ, ಪಾಪ ಕೆಟ್ಟ ಮನಸ್ಸಿನಿಂದಲ್ಲ, "ಅಷ್ಟೇನಕ್ಕಾ?" ಅಂದ.

ನನ್ನ ಮುಖಕ್ಕೆ ರಕ್ತ ಏರಿತು. ಅಷ್ಟೇ ಅಂತೆ! ನನ್ನ ಸರದಿ ಬಂದಾಗ ಹೇಳಲು ಏನೂ ಉಳಿದಿರಲಿಲ್ಲ. ಸುಮ್ಮನಿರಬೇಕಿತ್ತು, ಇರಲಿಲ್ಲ. "ದುರ್ಗಕ್ಕ ನಮ್ಮ ಸ್ವಂತ ಅಜ್ಜಿ. ಇನ್ನೂ ಗಟ್ಟಿ ಅದಾಳ. ಮುಂದಿನ ಭಾನುವಾರ ಎಲ್ಲಾರೂ ಎಮ್ಮಿಗನೂರಿಗೆ ಬರ್ರಿ. ಆ ಕತಿ ಯಾರದು, ಯಾರಿಗೆ ಹೇಳಿದ್ದು ಅಂತ ಅಕಿ ಬಾಯಿಂದನ ಕೇಳ್ರಿ" ಅಂದೆ.

ಮನೆಯಲ್ಲಿ ಮಾರೇಶ್ ಕೇಳಿ ನಕ್ಕ. "ಅಜ್ಜಿ ಏನು ಹೊಲ ಅನ್ಕಂಡಿಯೇನಲೇ, ಸರ್ವೆ ಮಾಡಿಸಿ ಕಲ್ಲು ನೆಡಿಸಾಕ?"

ಹೌದು, ಕಲ್ಲು ನೆಡಿಸಬೇಕಿತ್ತು ನನಗೆ. ನಾಲ್ಕು ಜನರ ಮುಂದೆ ಅಜ್ಜಿ, ಇದನ್ನೆಲ್ಲ ನನ್ನ ಸುಕನ್ಯಾಗೆ ಹೇಳಿದ್ದು ಅನ್ನಬೇಕಿತ್ತು. ಅಷ್ಟು ಸಾಕಿತ್ತು.

ಅಂಜಿನಿ ಯಾರದೋ ಜೀಪು ತಂದ. ಕಂಪ್ಲಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ನಾನು ಅಜ್ಜಿಗೆ ಅಂತ ಹೊಸಪೇಟೆಯಿಂದಲೇ ಹಾಲಿಗೆ ಹಾಕಿ ಕುಡಿಯುವ ಪುಡಿ, ಸಕ್ಕರೆ ಇಲ್ಲದ ಬಿಸ್ಕತ್ತು ತಂದಿದ್ದೆ. ಯಶೋಧರಾ ಕಂಪ್ಲಿಯ ಸಂತೆ ಬೀದಿಯಲ್ಲಿ ಹುಡುಕಾಡಿ ವೀಳ್ಯದೆಲೆ, ಕಡ್ಡಿಪುಡಿ ತಂದಳು. "ದುರ್ಗಕ್ಕಗ ಇದಿಲ್ಲಂದ್ರ ಕತಿ ಬಾಯಿಗೆ ಬರಂಗಿಲ್ಲ" ಅಂದಳು. ನನ್ನ ಅಜ್ಜಿಗೆ ಏನು ಬೇಕು ಅಂತ ಇವಳು ನನಗೆ ಹೇಳುತ್ತಾಳೆ. ಡಾಕ್ಟರು ತಂಬಾಕು ಬೇಡ ಅಂದಿದ್ದಾರೆ ಅಂತ ನಾನು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದೆ.

ಅಜ್ಜಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ನಾಟಿ ಹಚ್ಚಿ ಹಚ್ಚಿ ಬಗ್ಗಿದ ಸೊಂಟ ಅವಳದು, ಈಗ ನೆಟ್ಟಗೆ ಆಗುವುದೇ ಇಲ್ಲ. ನನ್ನ ಬಿಸ್ಕತ್ತಿನ ಪೊಟ್ಟಣ ಪಕ್ಕಕ್ಕಿಟ್ಟು ಕಡ್ಡಿಪುಡಿಯನ್ನು ಮೂಗಿಗೆ ಹಿಡಿದಳು. "ನಮ್ಮ ಯಶೂ!" ಅಂತ ಅವಳ ಗಲ್ಲ ನೀವಿ ಲಟಿಕೆ ತೆಗೆದಳು. ಡಾಕ್ಟರ ಮಾತು ನನ್ನ ಬಾಯಲ್ಲೇ ಉಳಿಯಿತು.

ಎಲ್ಲರಿಗೂ ಚಹಾ ಆಯಿತು. ಸೋದರಮಾವ ಪಾಲಪ್ಪ ಮನೆ ಹಿಂದಿನ ಗದ್ದೆಯಲ್ಲಿ ನಾಟಿ ಹಚ್ಚಿಸುತ್ತಿದ್ದ. ಕೂಲಿಯ ಹೆಂಗಸರು ಬದುವಿನ ಮೇಲೆ ಬುತ್ತಿ ಬಿಚ್ಚಿದ್ದರು. ನಾನು ಇನ್ನು ತಡಮಾಡಬಾರದು ಅಂತ ಅಜ್ಜಿಯ ಪಕ್ಕ ಹೋಗಿ ಕೂತೆ. ನನ್ನ ಹಳೆಯ ಜಾಗ, ಅವಳ ಬಲಕ್ಕೆ.

"ಅಜ್ಜೀ, ಆ ಬೆನ್ನಿಗೆ ಬೆನ್ನು ತಾಗೋ ಕತಿ ಐತೆಲ್ಲ, ಅದನ್ನ ನೀನು ಯಾರಿಗೆ ಹೇಳ್ತಿದ್ದಿ? ಇವರೆಲ್ಲ ಕೇಳಾಕ ಬಂದಾರ. ನಿಜ ಹೇಳಬೇಕು ಮತ್ತ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, ತಲೆ ಎತ್ತದೆ, "ಯಶೂಗೆ" ಅಂದಳು.

ನಾನು ತಪ್ಪು ಕೇಳಿಸಿಕೊಂಡೆನೇನೋ ಅಂತ ಮತ್ತೆ ಕೇಳಿದೆ. "ಅಲ್ಲಜ್ಜೀ. ಅಕಿ ಸಾಲಿನ ಕೊನೀಗಿ ಇದ್ದಾಕಿ. ಪಕ್ಕದಾಗ ನಿಂತಾಕಿ ನಾನು."

"ಅದs ಹೇಳಾಕ ಹತ್ತೀನಿ" ಅಂದಳು ಅಜ್ಜಿ. "ಈ ಹುಡುಗಿ ಕೈ ಭಾಳ ನಿಧಾನ ಇತ್ತು. ಸಾಲಿಗಿಂತ ಹಿಂದ ಉಳೀತಿತ್ತು. ಹಿಂದ ಉಳದೋರನ್ನ ಮೇಸ್ತ್ರಿ ಇನ್ನ ಮ್ಯಾಲೆ ಬರಬ್ಯಾಡ ಅಂತಿದ್ದ. ನನ್ನ ಪಕ್ಕಕ್ಕ ಕರಕೊಳ್ಳಾನ ಅಂದ್ರ ಇವರಪ್ಪ ಮಾರೆಪ್ಪ, ದೆವ್ವದ ಮಾತು ಕಿವಿಗೆ ಹಾಕಬ್ಯಾಡ ಅಂತ ಕೈ ಮುಗಿದು ಹೇಳಿದ್ದ. ಅವನ ಮಾತೂ ಮೀರಂಗಿಲ್ಲ, ಕೂಸೂ ಹಿಂದ ಉಳಿಯಂಗಿಲ್ಲ. ಏನು ಮಾಡ್ಲಿ? ಕತಿ ಅರ್ಧ ಜೋರಾಗಿ ಹೇಳ್ತಿದ್ದೆ. ಹೆದರೋ ಮಾತು ಬಂದಾಗ ದನಿ ಇಳಿಸ್ತಿದ್ದೆ. ಅದನ್ನ ಕೇಳಬೇಕು ಅಂತ ಈಕಿ ಲಗುಲಗು ಹಚ್ಚಿ ಸಾಲಿಗೆ ಸಮ ಬರ್ತಿದ್ದಳು. ಬಂದ್ರೂ ಮಾತು ಸಿಗ್ತಿರಲಿಲ್ಲ. ಮುಂದಿನ ವಾರ ಇನ್ನೂ ಜಲ್ದಿ ಹಚ್ತಿದ್ದಳು."

ಜಂಬುನಾಥಣ್ಣ ಚಪ್ಪಾಳೆ ತಟ್ಟಿದ. ಯಶೋಧರಾ ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ಅವಳ ಕಣ್ಣು ತುಂಬುತ್ತಿದ್ದದ್ದನ್ನು ನೋಡಿ ನಾನು ಅಜ್ಜಿಗೆ ಇನ್ನಷ್ಟು ಒತ್ತಿ ಕೂತೆ.

"ಮತ್ತ ನಾನು?" ಅಂದೆ. ನನ್ನ ದನಿ ಚಿಕ್ಕ ಹುಡುಗಿಯ ದನಿಯ ಹಾಗೆ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. "ನಂದೂ ಕೈ ನಿಧಾನನ ಇತ್ತಲ್ಲ?"

ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ನಿಂದಾ? ನಿಂದು ಇಕಿಗಿಂತ ಅತ್ತತ್ತ. ನೀನು ಬಾಯಿ ತಕ್ಕೊಂಡು ನನ್ನ ಮಕ ನೋಡಿಕೊಂಡು ನಿಂತುಬಿಡ್ತಿದ್ದಿ. ನಿನ್ನ ಪಾಲಿಂದು ನಾನs ಹಚ್ತಿದ್ನೆಲ್ಲವ. ಈ ಕೈ ನಂದು ಹಚ್ಚಿ, ಹಂಗ ಬಾಜೂಕ ಹೋಗಿ ನಿಂದೂ ಹಚ್ಚಿ ಬರ್ತಿತ್ತು. ನಿನಗ ಕತಿ ಯಾಕ ಬೇಕಿತ್ತು?"

ಎಲ್ಲರೂ ಅಯ್ಯೋ ಅಂತ ನಕ್ಕರು. ಅಂಜಿನಿ "ಎಷ್ಟು ಪುಣ್ಯ ಮಾಡೀಯಕ್ಕ ನೀನು" ಅಂದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದರು. ನಾನು ಉರಿದುಹೋದೆ. ಒಬ್ಬಳಿಗೆ ಕತೆ ಕೊಟ್ಟು ಕೈ ಚುರುಕು ಮಾಡಿದ್ದಾಳೆ, ಅವಳು ಓದಿ ಓದಿ ದೊಡ್ಡವಳಾಗಿದ್ದಾಳೆ. ನನಗೆ ಬರೀ ಕೆಲಸ ಮಾಡಿಕೊಟ್ಟಿದ್ದಾಳೆ. ಅದೂ ನನಗೆ ಗೊತ್ತೇ ಆಗದ ಹಾಗೆ. ನಾನು ಇಷ್ಟು ವರ್ಷ ಎದೆಗವಚಿಕೊಂಡಿದ್ದ ಕತೆ ಬೇರೆಯವಳಿಗೆ ಹೇಳಿದ್ದು, ನಾನು ಅಡ್ಡಕ್ಕೆ ನಿಂತು ಕೇಳಿಸಿಕೊಂಡದ್ದು.

ಇನ್ನೊಂದು ವಿಷಯವೂ ಆಗ ಹೊಳೆಯಿತು, ಅದು ಇನ್ನೂ ಕೆಟ್ಟದ್ದು. ಆ ಕತೆ ಕೇಳಿ ನಾನು ಒಂದು ಸಲವಾದರೂ ಹೆದರಿದ್ದೆನೇ? ಎಷ್ಟು ನೆನೆಸಿಕೊಂಡರೂ ನೆನಪಾಗುವುದು ಅಜ್ಜಿಯ ಸೆರಗು, ಅವಳ ಎಲೆ ಅಡಿಕೆಯ ವಾಸನೆ. ಹೆದರಿಕೆ ಎಲ್ಲೂ ಇಲ್ಲ. ಅಲ್ಲಿಂದ ಈಚೆಗೆ ಓದಿದ ರಾಶಿ ಪುಸ್ತಕಗಳಲ್ಲೂ ನಾನು ಹೆದರಲಿಲ್ಲ. ಹೆದರಿದೆ ಅಂತ ಬಳಗದವರ ಮುಂದೆ ಹೇಳುತ್ತಿದ್ದೆ, ಅಷ್ಟೆ.

"ದುರ್ಗಕ್ಕಾ, ಆ ಕತಿ ಈಗೊಮ್ಮೆ ಹೇಳ್ರಿ" ಅಂತ ಜಂಬುನಾಥಣ್ಣ ಕೈ ಮುಗಿದ.

"ಅದು ಕುಂತು ಹೇಳೋ ಕತಿ ಅಲ್ಲಪ್ಪ" ಅಂದಳು ಅಜ್ಜಿ. "ಎಲ್ಲಾರೂ ಗದ್ದಿಗೆ ಇಳೀರಿ."

ಹಂಪಿಯ ಗೈಡು ಪ್ಯಾಂಟು ಮಡಚಿಕೊಂಡ. ಲಾರಿ ಡ್ರೈವರು ಚಪ್ಪಲಿ ಬಿಟ್ಟ. ಪಾಲಪ್ಪ ಮಾವ "ನನ್ನ ನಾಟಿ ಹಾಳು ಮಾಡ್ತೀರಿ ನೀವು" ಅಂತ ಗೊಣಗುತ್ತಲೇ ಸಸಿಯ ಕಟ್ಟು ಎಸೆದುಕೊಟ್ಟ. ಬುತ್ತಿ ತಿನ್ನುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಬಿದ್ದು ಬಿದ್ದು ನಕ್ಕರು. ಅಜ್ಜಿ ನನ್ನ ಭುಜ ಹಿಡಿದು ಕೆಸರಿಗೆ ಕಾಲಿಟ್ಟಳು. ಬೀಳ್ತೀ ಅಂತ ನಾನು ಬೈದರೆ, "ಬಗ್ಗೋದೇನು ತ್ರಾಸಿಲ್ಲವ, ಎದ್ದು ನಿಲ್ಲೋದ ತ್ರಾಸು" ಅಂದಳು. ಸಾಲಿನ ನಡುವೆ ನಿಂತಳು. ಯಶೋಧರಾ ಯಾರೂ ಹೇಳದೆಯೇ ಸೀದಾ ಹೋಗಿ ಕೊನೆಯಲ್ಲಿ, ಬದುವಿನ ಪಕ್ಕ ನಿಂತಳು. ನಾನು ಅಜ್ಜಿಯ ಬಲಕ್ಕೆ.

ಅಜ್ಜಿ ಶುರುಮಾಡಿದಳು. ದನಿ ಸಣ್ಣಗಾಗಿದ್ದರೂ ತೂಕ ಹಾಗೇ ಇತ್ತು. ಎಲ್ಲರೂ ನೆಡುತ್ತಾ ಹಿಂದಕ್ಕೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ನನ್ನ ಮುಂದಿನ ನೀರಿನಲ್ಲಿ ಅಜ್ಜಿಯ ಕೈ ಕಂಡಿತು. ಚರ್ಮ ಸುಕ್ಕಾದ ಆ ಕೈ ಅವಳ ಪಾಲಿನ ಸಸಿ ಚುಚ್ಚಿ, ಮೆಲ್ಲಗೆ ನನ್ನ ಕಡೆ ಸರಿದು, ನನ್ನ ಪಾಲಿನಲ್ಲಿ ಒಂದು ನೆಟ್ಟು ಹಿಂದಕ್ಕೆ ಹೋಯಿತು. ಅವಳು ಅತ್ತ ನೋಡಲೂ ಇಲ್ಲ. ಕೈಗೆ ಅದು ರೂಢಿ.

ನಾನು ನೆಟ್ಟಗೆ ನಿಂತೆ.

"ಎಲ್ಲಿಗೆ ಹೊಂಟಿಲೇ?" ಅಂದಳು ಅಜ್ಜಿ.

"ಕೊನೀಗಿ" ಅಂದೆ.

ಎಲ್ಲರ ಬೆನ್ನ ಹಿಂದೆ ಕೆಸರು ತುಳಿಯುತ್ತಾ ಹೋದೆ. ಯಶೋಧರಾ ತಲೆ ಎತ್ತಿದಳು. "ಇದು ನನ್ನ ಜಾಗ" ಅಂದಳು. ಆ ದನಿಯಲ್ಲಿ ಆಫೀಸರಿಕೆ ಏನೂ ಇರಲಿಲ್ಲ, ಬೆಂಚಿನ ತುದಿಗೆ ಜಗಳ ಆಡುತ್ತಿದ್ದ ಹುಡುಗಿಯೇ ಮಾತಾಡಿದಳು.

"ಸರಿ ಆಚಿಗೆ."

"ಸರಿಯಂಗಿಲ್ಲ. ನೀನು ಯಾವಾಗಲೂ ಅಕಿ ಬಾಜೂಕ ನಿಂತಿ. ನನಗ ಎಷ್ಟು ಹೊಟ್ಟಿ ಉರೀತಿತ್ತು ಗೊತ್ತೈತೇನು? ಈಗ ಇದೂ ಬೇಕಾ ನಿನಗ?"

ಅವಳಿಗೂ ಹೊಟ್ಟೆಯುರಿ ಇತ್ತಂತೆ. ಕೇಳಿ ನನಗೆ ಸ್ವಲ್ಪ ತಂಪಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಜಾಗ ಬಿಡಲಿಲ್ಲ. ಅವಳಿಗೂ ಬದುವಿಗೂ ನಡುವೆ ಇದ್ದ ಇಷ್ಟಗಲದಲ್ಲಿ ತೂರಿಕೊಂಡು ನಿಂತೆ. ಈಗ ಎಲ್ಲರಿಗಿಂತ ಕೊನೆಯವಳು ನಾನು.

ಬಗ್ಗಿ ನೆಡತೊಡಗಿದೆ. ಎರಡು ಸಸಿ ನೆಡುವಷ್ಟರಲ್ಲಿ ಸಾಲು ನನ್ನನ್ನು ಬಿಟ್ಟು ಹಿಂದೆ ಸರಿದಿತ್ತು. ಅಜ್ಜಿಯ ದನಿ ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು. ಕೆಸರಲ್ಲಿ ಕಾಲು ಕಿತ್ತಿಟ್ಟ ಸದ್ದು... ಅಕಿ ನಿಂತ್ರ ಅದೂ ನಿಲ್ತಿತ್ತು... ಬೆನ್ನಿಗೆ ಬೆನ್ನು... ಆಮೇಲೆ ದನಿ ಇಳಿಯಿತು. ಏನೂ ಕೇಳಲಿಲ್ಲ.

ಆ ಮಾತು ನನಗೆ ಬಾಯಿಪಾಠ. ನನ್ನ ಬಾಯಿಂದಲೇ ನಾಲ್ಕು ಜನರಿಗೆ ಹೇಳಿ ಮರ್ಯಾದೆ ಕಳೆದುಕೊಂಡದ್ದು ಇನ್ನೂ ಮೊನ್ನೆ. ಆದರೆ ಅಷ್ಟು ದೂರದಲ್ಲಿ, ತಲೆ ಕೆಳಗೆ ಮಾಡಿಕೊಂಡು, ಬೆನ್ನ ಹಿಂದೆ ಏನಿದೆ ಅಂತ ಕಾಣದೆ ನಿಂತಾಗ, ಅಜ್ಜಿ ಈ ಸಲ ಬೇರೇನೋ ಹೇಳಿದಳು ಅನ್ನಿಸಿತು. ನಡುವಿನಲ್ಲಿ ಅಂಜಿನಿ, ಜಂಬುನಾಥಣ್ಣ ಒಟ್ಟಿಗೇ "ಯವ್ವಾ" ಅಂದರು. ನನ್ನ ಕುತ್ತಿಗೆಯ ಹಿಂದಿನ ಕೂದಲು ನಿಮಿರಿ ನಿಂತವು. ಮಟಮಟ ಬಿಸಿಲಲ್ಲಿ ಬೆನ್ನು ತಣ್ಣಗಾಯಿತು.

"ಏನಂದಳು?" ಅಂತ ಪಿಸುಗುಟ್ಟಿದೆ.

"ಸುಮ್ಕಿರು" ಅಂದಳು ಯಶೋಧರಾ. ಅವಳ ಕೈ ಚಕಚಕ ನಡೆಯುತ್ತಿತ್ತು.

ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಸಾಲಿಗೆ ಸಮ ಬಂದರೆ ಮುಂದಿನದಾದರೂ ಕೇಳೀತು ಅಂತ ಗಡಿಬಿಡಿಯಲ್ಲಿ ನೆಡುತ್ತಿದ್ದೆ. ಸಸಿ ಓರೆಕೋರೆ ಬೀಳುತ್ತಿದ್ದವು. ಆಗ ಪಕ್ಕದಿಂದ ಒಂದು ಕೈ ನನ್ನ ನೀರಿಗೆ ಬಂತು. ಯಶೋಧರಾಳ ಕೈ. ಅವಳು ಅತ್ತಲೇ ಕಿವಿಗೊಟ್ಟುಕೊಂಡು, ನನ್ನ ಪಾಲಿನಲ್ಲಿ ಒಂದು ಸಸಿ ಚುಚ್ಚಿ, ಇನ್ನೊಂದಕ್ಕೆ ಬೆರಳು ಚಾಚಿದ್ದಳು.

ನಾನು ಆ ಕೈಯನ್ನು ತಳ್ಳಿಬಿಟ್ಟೆ.

"ಕೈ ತೆಗಿಯಲೇ. ನಂದು ನಾನು ಹಚ್ತೀನಿ. ನನಗ ಕತಿ ಬೇಕು."